ಕೊಕ್ಕೆ ನುಂಗಿದ ದಿಮ್ಮಿ

ಶನಿವಾರ, ಊಟವಾದ ಮೇಲೆ

ನನ್ನ ಅಕ್ಕನ ಮಗಳೂ, ಸೌದೆ ಡಿಪೋದ ಯಜಮಾನಿಯೂ, ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡವಳೂ ಆದ ನನ್ನ ಕೂಸಿಗೆ,

ನಾನಿಲ್ಲಿ ಗುಂಡುಕಲ್ಲಿನ ಹಾಗಿದ್ದೇನೆ. ನೀನು ಹೇಗಿದ್ದೀಯೆಂದು ಕೇಳುವುದಿಲ್ಲ. ಹನ್ನೆರಡು ದಿನದಿಂದ ತಟ್ಟೆ ಮುಂದೆ ಸುಮ್ಮನೆ ಕೂತು ಏಳುತ್ತೀಯಂತೆ, ಮಾತಾಡಿಸಿದರೆ ಗರಗಸದ ಹಾಗೆ ಕಿರ್ರೆನ್ನುತ್ತೀಯಂತೆ. ನಿನ್ನಮ್ಮ ಹೇಳಿದಳು. ಎರಡು ಬೀದಿ ಆಚೆ ಇದ್ದುಕೊಂಡು ಈ ಮಾವ ಕಾಗದ ಯಾಕೆ ಬರೆದ ಎಂದು ನಗಬೇಡ. ಎದುರಿಗೆ ಬಂದರೆ ಜಂಬ ಕೊಚ್ಚಿ, ಟೀ ಕುಡಿದು, ಹೇಳಬೇಕಾದ್ದನ್ನು ಹೇಳದೆ ಎದ್ದುಬರುತ್ತೇನೆ. ಏಳನೇ ಕ್ಲಾಸಿನ ಅಕ್ಷರವಾದರೂ ದುಂಡಗಿದೆ, ಪೂರ್ತಿ ಓದು.

ಮೊದಲು ಒಂದು ವಿಷಯ ಇತ್ಯರ್ಥವಾಗಲಿ. ಮೂರಡಿ ದಪ್ಪದ ದಿಮ್ಮಿಯನ್ನು ಬರೀ ಕೊಡಲಿಯಿಂದ ಒಂದೇ ಏಟಿಗೆ ಸೀಳಿದವನು ಯಾರು? ನಾನು. ಎರಡು ಏಟು ಎಂದು ಹೇಳುತ್ತಾ ತಿರುಗುವವರು ಅವತ್ತು ಅಲ್ಲಿರಲೇ ಇಲ್ಲ. ನೀನಿದ್ದೆ. ಸೌದೆ ರಾಶಿಯ ಮೇಲೆ ಕೂತು ಕಾಲು ಆಡಿಸುತ್ತಾ ಚಪ್ಪಾಳೆ ತಟ್ಟಿದೆ. ಆ ಚಪ್ಪಾಳೆಯ ಮೇಲೆ ನಾನು ಇಪ್ಪತ್ತು ವರ್ಷ ದೊಡ್ಡ ಮನುಷ್ಯನಾಗಿ ಬದುಕಿದೆ.

ಆಮೇಲೆ ಬಂದ ನಿನ್ನ ವೆಲ್ಡರ್.

ಡಿಪೋದ ಹಿಂದೆ ಯಾರೂ ಎತ್ತಲಾಗದೆ ಬಿದ್ದಿದ್ದ ಆನೆಗಾತ್ರದ ದಿಮ್ಮಿಗಳನ್ನು ನೋಡಿದ. ನಿಂತಲ್ಲೇ ಗಿರಕಿ ಹೊಡೆದು ಮುಂದಿನ ಬಕೆಟ್ಟಿನಲ್ಲಿ ಸೌದೆ ಎತ್ತಿ ಸುರಿಯುವ ನಿನ್ನ ಪುಟ್ಟ ಗಾಡಿ, ಆ ಸ್ಕಿಡ್ ಸ್ಟಿಯರ್ ಲೋಡರನ್ನೂ ನೋಡಿದ. "ಇದರ ಬಕೆಟ್ ಬಿಚ್ಚಿ, ಆ ಜಾಗಕ್ಕೆ ಸೀಳೋ ಯಂತ್ರ ಸಿಕ್ಕಿಸಿದ್ರೆ ದಿಮ್ಮಿ ಹತ್ರಾನೇ ಹೋಗಿ ಸೀಳಬಹುದಲ್ಲ?" ಎಂದನಂತೆ. ನಿನಗೆ ಅಷ್ಟು ಸಾಕಾಯಿತು. ಮೂರು ತಿಂಗಳು ಶೆಡ್ಡಿನಲ್ಲಿ ಕಿಡಿಗಳೇ ಕಿಡಿಗಳು. ಐದಡಿ ಉದ್ದದ ಉಕ್ಕಿನ ತೊಲೆ, ಅದರ ಒಂದು ತುದಿಗೆ ದಿಮ್ಮಿ ಆನಿಸಲು ದಪ್ಪ ಉಕ್ಕಿನ ಹಲಗೆ, ಇನ್ನೊಂದು ತುದಿಯಿಂದ ಎಣ್ಣೆಯ ಒತ್ತಡದಲ್ಲಿ ಮುಂದೆ ಬರುವ ಬೆಣೆ. ಒಂದು ದಿನ ನಾನು ಒಳಗೆ ಬಂದು, ಬೆಣೆಯ ಮೂತಿ ಇನ್ನಷ್ಟು ತೆಳ್ಳಗಿರಲಿ, ಮರದ ಮರ್ಮ ನನಗೆ ಗೊತ್ತು ಎಂದೆ. ನೀನು ತಲೆ ಕೂಡ ಎತ್ತಲಿಲ್ಲ. "ಅವರು ಲೆಕ್ಕ ಹಾಕಿದ್ದಾರೆ ಮಾವ" ಎಂದೆ.

ಅವರು! ನನಗೆ ನೀನು ಇಷ್ಟು ವರ್ಷದಲ್ಲಿ ಒಮ್ಮೆಯೂ ಬಹುವಚನ ಕೊಟ್ಟವಳಲ್ಲ. ಮನೆಗೆ ಬಂದು ಕೊಡಲಿ ಮಸೆದೆ. ಅದು ಮೊದಲೇ ಹರಿತವಾಗಿತ್ತು. ಮತ್ತೆ ಮಸೆದೆ.

ಅದೇ ವಾರ ನಿಮ್ಮ ಮದುವೆ ಮಾತೂ ಕಿವಿಗೆ ಬಿತ್ತು. ಬೇಕರಿಯವನು ಯಂತ್ರ ನೋಡಲು ಬರುತ್ತಾನೆ, ಮೆಚ್ಚಿದರೆ ಅವನ ಒಲೆಗಳಿಗೆ ವರ್ಷಪೂರ್ತಿ ನಿನ್ನದೇ ಸೌದೆ ಎಂಬ ಸುದ್ದಿಯೂ ಬಂತು. ಪರೀಕ್ಷೆಗೆ ನನ್ನ ಹಿತ್ತಲಿನ ದಿಮ್ಮಿ ಕೊಡುತ್ತೇನೆ ಎಂದೆ. ನೀನು ಓಡಿಬಂದು ಕೈ ಹಿಡಿದುಕೊಂಡೆ. "ನೀನು ನನ್ನ ಬಂಗಾರದ ಮಾವ" ಎಂದೆ. ಆಗಲಾದರೂ ನಾನು ಬಾಯಿ ಬಿಡಬೇಕಿತ್ತು.

ಆ ಮರ ಯಾವುದು ಗೊತ್ತೇ? ನೀನು ಐದು ವರ್ಷದವಳಿದ್ದಾಗ ಜೋಕಾಲಿ ಬೇಕೆಂದು ನೆಲಕ್ಕೆ ಬಿದ್ದು ಹೊರಳಾಡಿದ್ದಕ್ಕೆ ನಾನು ಅದಕ್ಕೆ ಹೆಬ್ಬೆರಳು ದಪ್ಪದ ಕಬ್ಬಿಣದ ಕೊಕ್ಕೆ ಹೊಡೆದಿದ್ದೆ. ವರ್ಷ ಕಳೆದ ಹಾಗೆ ಮರ ಅದನ್ನು ನುಂಗಿಬಿಟ್ಟಿತು. ಹೊರಗಿನಿಂದ ಬರೀ ಒಂದು ಗಂಟು. ಎಲ್ಲಿದೆ ಎಂದು ತಿಳಿದಿದ್ದ ಮನುಷ್ಯ ಲೋಕದಲ್ಲಿ ಒಬ್ಬನೇ. ದಿಮ್ಮಿಯನ್ನು ಹೇಗೆ ತಿರುಗಿಸಿ ಇಡಬೇಕು ಎಂದು ಪರೀಕ್ಷೆಯ ದಿನ ತೋರಿಸಿದವನೂ ಅವನೇ.

ಮಿಕ್ಕಿದ್ದನ್ನು ನೀನೇ ನೋಡಿದೆ. ಬೆಣೆ ಅರ್ಧ ಇಳಿಯಿತು, ಲೋಡರಿನ ಹಿಂದಿನ ಚಕ್ರ ನೆಲ ಬಿಟ್ಟಿತು, ಟಣ್ಣೆಂದು ಬೆಸುಗೆ ಬಾಯಿ ಬಿಟ್ಟಿತು. ಬೇಕರಿಯವನು ಟೋಪಿ ಹಾಕಿಕೊಂಡು ಹೊರಟ. ನೀನು ಎಲ್ಲರ ಮುಂದೆ ಆ ಹುಡುಗನಿಗೆ, "ಒಂದು ಬೆಸುಗೆ ನೆಟ್ಟಗೆ ಹಾಕಕ್ಕೆ ಬರಲ್ವಾ? ನಿಮ್ಮನ್ನ ನಂಬಿ ಕೆಟ್ಟೆ, ಹೋಗಿ ಇಲ್ಲಿಂದ" ಎಂದೆ. ಅವನು ಕಿತ್ತುಬಂದ ಬೆಣೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದ. ನಾನು ನಿನ್ನ ತಲೆ ಸವರಿ, "ಹೋಗ್ಲಿ ಬಿಡು ಕೂಸೆ, ಮಾವನ ಕೊಡಲಿ ಇದೆಯಲ್ಲ" ಎಂದೆ. ಅರ್ಧ ಸೀಳಿದ ದಿಮ್ಮಿಯನ್ನು ಯಾರೂ ಒಳಗೆ ಇಣುಕುವ ಮೊದಲು ಗಾಡಿಗೆ ಹಾಕಿಕೊಂಡು ಬಂದೆ.

ಬೆಸುಗೆ ಸರಿಯಾಗಿತ್ತು. ಬೆಣೆಯೂ ಸರಿಯಾಗಿತ್ತು. ಆ ಮೂತಿ ನಾನು ಹೇಳಿದ್ದಕ್ಕಿಂತ ಚೆನ್ನಾಗಿತ್ತು. ಇದನ್ನು ಬರೆಯುವಾಗ ಪೆನ್ನು ಎರಡು ಸಲ ನಿಂತಿತು. ತಪ್ಪು ನನ್ನದು. ನೀನು ಅನ್ನ ಬಿಟ್ಟ ಸುದ್ದಿ ಕೇಳಿ, ದೊಡ್ಡ ಮನಸ್ಸು ಮಾಡಿ, ಯಾರೂ ಕೇಳದಿದ್ದರೂ ನಾನಾಗಿಯೇ ಒಪ್ಪಿಕೊಳ್ಳುತ್ತಿದ್ದೇನೆ. ಇನ್ನೊಬ್ಬನಾಗಿದ್ದರೆ ಬಾಯಿ ಹೊಲಿದುಕೊಂಡು ಕೂರುತ್ತಿದ್ದ.

ಅವನು ಬಂದರಿನ ಕಡೆ ಹಡಗು ಕಟ್ಟುವ ಕೆಲಸಕ್ಕೆ ಹೋಗುತ್ತಿದ್ದಾನೆ. ನಾಳೆ ಬೆಳಿಗ್ಗೆ ಏಳು ಗಂಟೆಗೆ ಬಸ್ಸು. ನನ್ನನ್ನು ಬೈಯುವುದನ್ನು ಸೋಮವಾರಕ್ಕೆ ಇಟ್ಟುಕೋ.

ಮುಖ ಮುಚ್ಚಿಕೊಂಡು ಮನೆಯಲ್ಲೇ ಕೂತಿರುವ,
ನಿನ್ನ ಒಂದೇಟು ಮಾವ

ಮರೆತಿದ್ದು: ದೊಡ್ಡ ಮನಸ್ಸು ಅಂತ ಬರೆದೆನಲ್ಲ, ಅದನ್ನು ಹೊಡೆದುಹಾಕಿಕೋ. ಇವತ್ತು ಬೆಳಿಗ್ಗೆ ಅವನ ರೂಮಿಗೆ ಹೋಗಿದ್ದೆ. ಅವನು ಗಂಟುಮೂಟೆ ಕಟ್ಟುವುದನ್ನು ಕಣ್ಣಾರೆ ನೋಡಿ ಖುಷಿಪಡೋಣ ಅಂತಲೇ ಹೋಗಿದ್ದೆ. ಅವನು ಸ್ಟೂಲು ಒರೆಸಿ ಕೂರಿಸಿದ. ಬೆಣೆಯ ಅಲಗು ತೋರಿಸಿ, "ಮರ ಹೀಗೆ ಕಚ್ಚಲ್ಲ ಮಾವ, ಇದು ಕಬ್ಬಿಣದ ಗುರುತು. ನಂಗೆ ಅವತ್ತೇ ಗೊತ್ತಾಯ್ತು" ಎಂದ. ಮತ್ತೆ ಅವಳಿಗೆ ಯಾಕಪ್ಪಾ ಹೇಳಲಿಲ್ಲ ಎಂದೆ. ಹಗ್ಗಕ್ಕೆ ಗಂಟು ಹಾಕುತ್ತಾ, "ವೆಲ್ಡರ್‌ಗಳು ಬೇಕಾದಷ್ಟು ಜನ ಸಿಕ್ತಾರೆ. ಅವಳಿಗಿರೋ ಮಾವ ನೀವೊಬ್ರೇ" ಎಂದ. ನೋಡಿದೆಯಾ, ದೊಡ್ಡ ಮನಸ್ಸಿನಲ್ಲೂ ನನ್ನನ್ನು ಮೀರಿಸಿಬಿಟ್ಟ! ಇದೊಂದಕ್ಕೆ ಮಾತ್ರ ನಾನು ಅವನನ್ನು ಸಾಯುವವರೆಗೂ ಕ್ಷಮಿಸುವುದಿಲ್ಲ, ಅವನು ನಮ್ಮ ಮನೆಯ ಅಳಿಯನಾದ ಮೇಲೂ.