ಎರಡನೆಯ ಸಾಲು

ಲಾರೆಲ್ ತೊರೆ, ಕೆಂಟಕಿ
ಜೂನ್ ತಿಂಗಳ ಮೊದಲ ಸೋಮವಾರ

ಪ್ರಿಯ ಶಿಷ್ಯೆ ಡೆಲ್ಫಾ,

ಸಮಾಧಿಗಳಿಗೆ ಹೂವಿಡುವ ಭಾನುವಾರದಂದು ನೀನು ಗುಡ್ಡವಿಳಿದು ಹೋದದ್ದನ್ನು ಬೇಲಿಯ ಬಳಿಯಿಂದ ಕಂಡೆ. ಕೂಗಿದೆ, ಆದರೆ ಈ ವಯಸ್ಸಿನ ನನ್ನ ಕೂಗು ನಿನ್ನ ಕಾರನ್ನು ತಲುಪಲಿಲ್ಲ. ಊರವರ ಮೌನವೇ ತೀರ್ಪೆಂದೂ ಇನ್ನು ಹಾಡನ್ನು ಬಿಟ್ಟೆನೆಂದೂ ನ್ಯಾಶ್‌ವಿಲ್‌ನಿಂದ ನಿನ್ನ ಚಿಕ್ಕಮ್ಮ ಜೆರೂಷಾಗೆ ಫೋನಿನಲ್ಲಿ ಹೇಳಿದೆಯಂತೆ. ಆ ತೀರ್ಪನ್ನು ನಾನು ಒಪ್ಪಲಾರೆ.

ನಿನ್ನ ತಂದೆ ಎಲೈಜಾ ನಮ್ಮ ಚರ್ಚಿನಲ್ಲಿ ಸಾಲು ಕೊಡುವವರಾಗಿದ್ದರು. ವಾದ್ಯವೆಂಬುದು ಅಲ್ಲಿಲ್ಲ. ಅವರು ಕೀರ್ತನೆಯ ಒಂದು ಸಾಲನ್ನು ಬೇಗನೆ ನುಡಿಯುವರು. ಸಭೆಯೆಲ್ಲ ಅದನ್ನು ಎಳೆದೆಳೆದು ಹಾಡುವುದು. ನೀನು ಗಿಟಾರ್ ಹಿಡಿದು ಬಾಗಿಲಲ್ಲಿ ನಿಂತಾಗ ಅವರೆಂದ ಮಾತು ನನಗಿನ್ನೂ ನೆನಪಿದೆ: "ಅದನ್ನ ಹೊರಗಿಟ್ಟು ಒಳಗ್ ಬಾ ಮಗಳೇ. ದೇವ್ರಿಗೇನು ಕಿವಿ ಮಂದ ಆಗಿಲ್ಲ."

ನೀನು ಒಳಗೆ ಬರಲಿಲ್ಲ. ಹೆಂಡದಂಗಡಿಗಳಲ್ಲಿ ಬಾಟಲಿಗಳ ಸದ್ದನ್ನು ಮೀರಿ ಹಾಡಲು ಕಲಿತೆ. ಕಲ್ಲಿದ್ದಲ ಗಣಿಗಿಳಿಯುತ್ತಿದ್ದ ತಂದೆಯ ತಲೆದೀಪವನ್ನು ಕುರಿತು ನೀನು ಕಟ್ಟಿದ ಹಾಡು ಲಾರಿ ಚಾಲಕರ ರೇಡಿಯೋಗಳಲ್ಲಿ ದೇಶ ಸುತ್ತಿತು. ಧ್ವನಿಮುದ್ರಣದ ಕಂಪನಿಯವರು ನಿನ್ನ ಹಾಡುಗಳಿಗೆ ಮೆರುಗು ಬಳಿಯಹೊರಟಾಗ ಕಂಪನಿಯನ್ನೇ ತೊರೆದೆ. ನಿನ್ನ ಗೆಲುವುಗಳೆಲ್ಲಕ್ಕಿಂತ ಆ ನಷ್ಟವನ್ನು ನಾನು ಹೆಚ್ಚು ಗೌರವಿಸುತ್ತೇನೆ. ಬಳಿಕ ಸಣ್ಣ ಸಭಾಂಗಣಗಳು, ಸವೆದ ವ್ಯಾನು, ಕೈಬಿಡದ ಕೇಳುಗರು. ಕಳೆದ ಚಳಿಗಾಲ ತಂದೆಯನ್ನು ಒಯ್ದಿತು. ಗಂಟಲಿನ ಶಸ್ತ್ರಚಿಕಿತ್ಸೆ ನಿನ್ನ ಸ್ವರವನ್ನು ಒಯ್ದಿತು.

ಆ ಭಾನುವಾರ ತಂದೆಯ ಸಮಾಧಿಯ ಬಳಿ ಚರ್ಚಿನ ಹಿರಿಯ ಟಾಲ್ಮಡ್ಜ್, "ನಿಮ್ಮಪ್ಪನ ಜಾಗ ಖಾಲಿ ಐತೆ. ಒಂದ್ ಸಾಲು ಕೊಡವ್ವಾ" ಎಂದಾಗ, ಕೀರ್ತನೆಯ ಬದಲು ನಿನ್ನದೇ ಹಾಡಿನ ಮೊದಲ ಸಾಲು ಆ ಒಡೆದ ಕಂಠದಿಂದ ಬಂದಿತು:

"ದೀಪವ ಹೊತ್ತು ಇಳಿದನು ತಂದೆ ಹಗಲೇ ಇಲ್ಲದ ಊರಿಗೆ."

ಕೀರ್ತನೆಯಲ್ಲದ ಹಾಡಿಗೆ ಎಂದೂ ಬಾಯಿ ತೆರೆಯದ ಜನ ಅದನ್ನೆತ್ತಿ ಹಾಡಿದರು. ಬಳಿಕ ಗುಡ್ಡವೆಲ್ಲ ನಿಶ್ಶಬ್ದವಾಯಿತು. ನೀನು ಗಂಟಲಿಗೆ ಕೈಯಿಟ್ಟುಕೊಂಡು ಹೊರಟುಹೋದೆ.

ನಂತರ ನಡೆದುದನ್ನು ಕೇಳು. "ಎಲ್ ಹೋದ್ಳು ಇವ್ಳು? ನಾನಿನ್ನೂ ಉಸಿರು ಹಿಡ್ಕೊಂಡ್ ನಿಂತಿದೀನಿ" ಎಂದರು ಜೆರೂಷಾ.

"ಚಪ್ಪಾಳೆ ಬೀಳ್ಲಿಲ್ಲ ಅಂತ ಬೇಜಾರಾಯ್ತೇನೋ" ಎಂದರು ಟಾಲ್ಮಡ್ಜ್.

"ಹಾಡೇ ಮುಗ್ದಿಲ್ಲ, ಚಪ್ಪಾಳೆ ಯಾವನು ತಟ್ತಾನೆ?"

ಟಾಲ್ಮಡ್ಜ್ ಬೇರೆ ಕೀರ್ತನೆಯೊಂದನ್ನು ಎತ್ತಹೋದರು. ಜೆರೂಷಾ ಬಿಡಲಿಲ್ಲ. "ಅರ್ಧ ಹಾಡಿನ ಮೇಲೆ ಇನ್ನೊಂದ್ ಹಾಡಾ? ಎಲೈಜಾ ಎದ್ದು ಬರ್ತಾನೆ, ಸುಮ್ನಿರಯ್ಯ." ಅಂದು ಮತ್ತಾವ ಹಾಡೂ ಆಗಲಿಲ್ಲ. ಮೆಕ್ಕೆಜೋಳದ ರೊಟ್ಟಿಯನ್ನೂ ಕೋಳಿಯನ್ನೂ ತಿಂದು ಮನೆಗೆ ಹೋದೆವು.

ಡೆಲ್ಫಾ, ಮೌನವೆಂದರೆ ತಿರಸ್ಕಾರವೆಂದು ವೇದಿಕೆಗಳು ನಿನಗೆ ಕಲಿಸಿವೆ. ತಂದೆಯ ತೊಡೆಯ ಮೇಲೆ ಕಲಿತದ್ದನ್ನು ನೆನೆದುಕೊ: ಕೊಡುವವರು ಕೊಡುವವರೆಗೆ ಮುಂದಿನ ಸಾಲನ್ನು ಯಾರೂ ಎತ್ತುವುದಿಲ್ಲ. ನಾವು ನಿನ್ನ ಗಂಟಲನ್ನು ಬೇಡುತ್ತಿಲ್ಲ. ಗಂಟಲು ನಮ್ಮಲ್ಲಿ ಬೇಕಾದಷ್ಟಿವೆ. ನಮ್ಮಲ್ಲಿ ಇಲ್ಲದ್ದು ಸಾಲು.

ಆಗಸ್ಟಿನಲ್ಲಿ ನಿನ್ನ ತಂದೆಯ ಸ್ಮರಣೆಗೆ ಅದೇ ಗುಡ್ಡದ ಮೇಲೆ ಸೇರುತ್ತೇವೆ. ಪಿಸುಮಾತಿನಲ್ಲಿ ಕೊಟ್ಟರೂ ಸಾಕು, ಎತ್ತಿಕೊಳ್ಳುತ್ತೇವೆ.

ನಿನ್ನ ಉಸಿರನ್ನು ದೇವರು ಕಾಯಲಿ.

ಮೊದಲ ಸಾಲಿನ ಕೊನೆಯಲ್ಲಿ ಇನ್ನೂ ನಿಂತಿರುವ,
ನಿನ್ನ ಮೇಷ್ಟರು
ಹೋಬರ್ಟ್ ಪ್ರಾಟ್