ಹಲ್ಲು ಶೃಂಗಾರವೆಂದ ವೈದ್ಯಕೀಯ ಮಂಡಳಿಯ ಅಧ್ಯಕ್ಷರಿಗೆ

ಅಧ್ಯಕ್ಷರೇ,

ಕಳೆದ ವರ್ಷ ಒಂದೇ ದಿನ, ಒಂದೇ ಮೇಜಿನ ಮೇಲೆ ನನ್ನ ಬಗ್ಗೆ ತಾವು ಎರಡು ಆದೇಶಗಳಿಗೆ ಸಹಿ ಹಾಕಿದಿರಿ. ಮೊದಲನೆಯದರ ಪ್ರಕಾರ, ಹಲ್ಲಿಲ್ಲದ ನಾನು ಸ್ಪಷ್ಟವಾಗಿ ಮಾತನಾಡಲಾರೆ, ಆದ್ದರಿಂದ ಮಕ್ಕಳಿಗೆ ಕಲಿಸಲು ಅನರ್ಹಳು. ಎರಡನೆಯದರ ಪ್ರಕಾರ, ಹಲ್ಲು ಶೃಂಗಾರದ ವಸ್ತು, ಆದ್ದರಿಂದ ಅದರ ಚಿಕಿತ್ಸೆಗೆ ರಜೆ ಇಲ್ಲ. ಎರಡು ಸಹಿಗಳ ನಡುವೆ ತಾವು ಒಂದು ಕಪ್ ಚಹಾ ಕುಡಿದಿರಿ. ಅಷ್ಟರಲ್ಲೇ ಹಲ್ಲಿನ ಮಹತ್ವ ಇಷ್ಟೊಂದು ಇಳಿದುಹೋದದ್ದು ಹೇಗೆ?

ನಾನು ಹಲಸಂಗಿಯಲ್ಲಿ ಹನ್ನೊಂದು ವರ್ಷ ಒಂದನೆಯ ಇಯತ್ತೆಗೆ ಅಕ್ಷರ ಕಲಿಸಿದವಳು. ಎರಡು ವರ್ಷಗಳ ಹಿಂದೆ ನನ್ನ ಕೆಳದವಡೆಯಲ್ಲಿ ಗಡ್ಡೆಯೊಂದು ಬೆಳೆಯಿತು. ಕ್ಯಾನ್ಸರ್ ಅಲ್ಲ, ಆದರೆ ಎಲುಬನ್ನು ಒಳಗಿನಿಂದ ತಿನ್ನುವಂಥದ್ದು. ಗಡ್ಡೆಯ ಜೊತೆಗೆ ಮೂರು ಬೆರಳಗಲ ಎಲುಬನ್ನೂ ಆರು ಹಲ್ಲುಗಳನ್ನೂ ತೆಗೆದರು. ಜೀವ ಉಳಿಯಿತು. ಗದ್ದ ಎಡಕ್ಕೆ ವಾಲಿತು. ತ, ಥ, ದ, ಧ ಎಂದರೆ ಜೊಲ್ಲು ಸುರಿಯತೊಡಗಿತು. ನಮ್ಮ ಹೆಡ್‌ಮಾಸ್ತರ ಗೈಬುಸಾಬರು ನನ್ನನ್ನು ಮನೆಗೆ ಕಳಿಸಲಿಲ್ಲ. ನಾನು ಹಲಗೆಯ ಮೇಲೆ ಬರೆದೆ, ಅವರು ನಿಂತು ಓದಿದರು, ಮಕ್ಕಳು ಕಲಿತರು. ತಮ್ಮ ಆದೇಶ ಬರುವವರೆಗೆ ಇದರಿಂದ ಯಾವ ಮಗುವಿಗೂ ತೊಂದರೆಯಾಗಿರಲಿಲ್ಲ.

ಮುಂಬಯಿಯ ಒಬ್ಬ ದಂತವೈದ್ಯರು ದಾರಿ ತೋರಿಸಿದರು. ಟೊಂಕದ ಎಲುಬಿನಿಂದ ಒಂದು ತುಂಡು ತೆಗೆದು ದವಡೆಯ ಖಾಲಿ ಜಾಗದಲ್ಲಿ ಕೂಡಿಸುವುದು. ಅದು ಹಿಡಿದುಕೊಳ್ಳಲು ಆರು ತಿಂಗಳು ಕಾಯುವುದು. ಹಿಡಿದರೆ ಅದರಲ್ಲಿ ಲೋಹದ ತೆಳು ಪಟ್ಟಿ ನೆಟ್ಟು, ಮೇಲೆ ಹಲ್ಲು ಕೂಡಿಸುವುದು. ಇದು ಹೊಸ ವಿದ್ಯೆ, ಭರವಸೆ ಕೊಡಲಾರೆ ಎಂದೂ ಅವರು ಪ್ರಾಮಾಣಿಕವಾಗಿ ಹೇಳಿದರು. ಅವರ ಪತ್ರ ಹಿಡಿದು, ರಜೆ ಕೇಳಲು ಅತ್ತೆ ಕಸ್ತೂರೆವ್ವನ ಜೊತೆ ತಮ್ಮೆದುರು ಬಂದೆ.

ತಾವು ಪತ್ರವನ್ನು ಮಡಚಿ ಬದಿಗಿಟ್ಟು, "ದತ್ತಾತ್ರೇಯ ಅನ್ರಿ, ನೋಡೂನು" ಎಂದಿರಿ. ನಾನು ಅಂದೆ. ಏನು ಹೊರಟಿತೋ ನನಗೂ ತಿಳಿಯಲಿಲ್ಲ. ಬಾಗಿಲಲ್ಲಿದ್ದ ಜವಾನನೂ ನಕ್ಕ. ಹನ್ನೊಂದು ವರ್ಷ ಮಕ್ಕಳ ತೊದಲು ತಿದ್ದಿದವಳು ಅಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತೆ. ಆಮೇಲೆ ತಮ್ಮ ವೈದ್ಯಶಾಸ್ತ್ರ ಹೊರಬಂತು: "ಟೊಂಕದ ಎಲುಬು ಗದ್ದಕ್ಕ ಹತ್ತತೈತೇನ್ರಿ? ಎಮ್ಮಿ ಕಟ್ಟೂ ಗೂಟ ಏನ್ರಿ ಅದು, ಕಿತ್ತು ಇನ್ನೊಂದ್ ಕಡಿ ನೆಡಾಕ? ಅದೂ ಅಲ್ದ, ಈ ವಯಸ್ಸಿನ್ಯಾಗ ಹಲ್ಲು ಯಾರಿಗಿ ತೋರಸ್ತೀರಿ?"

ನನಗಾಗ ಮೂವತ್ತೈದು. ಉತ್ತರ ಕೊಟ್ಟವರು ಅತ್ತೆ. "ತೋರಸಾಕ ಅಲ್ರಿ ಸಾಹೇಬ್ರ, ರೊಟ್ಟಿ ತಿನ್ನಾಕ. ಒಂದು ವರ್ಷಾತು, ನನ್ನ ಸೊಸಿ ನುಚ್ಚು ನುಂಗಿ ಬದುಕ್ಯಾಳ." ತಾವು ಗಂಟೆ ಬಾರಿಸಿ ಮುಂದಿನವರನ್ನು ಕರೆದಿರಿ.

ರಜೆಯಿಲ್ಲದೆಯೇ ನಾನು ಮುಂಬಯಿಗೆ ಹೋದೆ. ಆರು ವಾರ ಬಾಯಿಗೆ ತಂತಿ ಬಿಗಿದಿದ್ದರು. ಅತ್ತೆ ಗಂಜಿ ಸೋಸಿ ಉಳಿದ ಹಲ್ಲುಗಳ ಸಂದಿಯಲ್ಲಿ ಹನಿಹನಿಯಾಗಿ ಬಿಟ್ಟರು. ದವಡೆಗಿಂತ ಟೊಂಕವೇ ಹೆಚ್ಚು ನೋಯಿತು. ಎರಡು ತಿಂಗಳು ಕುಂಟುತ್ತ ನಡೆದೆ. ಎಲುಬು ಕರಗಿಹೋದರೆ ಏನು ಗತಿ ಎಂದು ದಿನವೂ ಬೆರಳಿನಿಂದ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಕಳೆದ ತಿಂಗಳು ವೈದ್ಯರು ಎಕ್ಸ್-ರೇ ತೆಗೆದು, ಹೊಸ ಎಲುಬು ಹಳೆಯದಕ್ಕೆ ಬೆಸೆದುಕೊಂಡಿದೆ ಎಂದರು. ತಾವು ಅಸಾಧ್ಯವೆಂದು ನಿರ್ಣಯಿಸಿದ ಕಾರ್ಯವನ್ನು ನನ್ನ ದವಡೆ ಮೇಲಧಿಕಾರಿಗಳ ಅನುಮತಿ ಪಡೆಯದೆ ಮಾಡಿಬಿಟ್ಟಿದೆ. ಈ ಅಶಿಸ್ತಿಗಾಗಿ ಅದಕ್ಕೆ ನೋಟೀಸು ಕಳಿಸುವಿರಾ?

ಎಕ್ಸ್-ರೇಯ ಪ್ರತಿಯನ್ನು ತಮ್ಮ ಕಚೇರಿಗೆ ಕಳಿಸಿದ್ದೇನೆ. ಈಗ ನನ್ನ ಬೇಡಿಕೆ. ಮಂಡಳಿ ಮತ್ತೆ ಸೇರಲಿ. ಈ ಸಲ ದವಡೆಯ ಕೆಲಸ ಬಲ್ಲ ಒಬ್ಬ ವೈದ್ಯರಾದರೂ ಅದರಲ್ಲಿರಲಿ. ತಮ್ಮ ಮೊದಲ ಆದೇಶದ ಕೊನೆಗೆ ಬರೆದ "ಗುಣವಾಗುವ ಸಂಭವವಿಲ್ಲ" ಎಂಬ ಸಾಲನ್ನು ಹೊಡೆದುಹಾಕಿ, ಅನರ್ಹತೆಯ ಆದೇಶ ರದ್ದುಮಾಡಿ, ಹಲ್ಲು ಕೂಡಿಸಿಕೊಂಡು ಬರಲು ರಜೆ ಕೊಡಿ. ಕೊಡದಿದ್ದರೂ ಬರುವ ಸೋಮವಾರ ಇಂಡಿ ರೋಡ್ ಸ್ಟೇಷನ್ನಿನಲ್ಲಿ ನಾನು ರೈಲು ಹತ್ತುವವಳೇ. ತಮ್ಮ ಅಪ್ಪಣೆ ಬೇಕಿರುವುದು ನನ್ನ ನೌಕರಿಗೆ, ನನ್ನ ಬಾಯಿಗಲ್ಲ.

ಇಂತಿ,
ಸದ್ಯಕ್ಕೆ ಬರೆದಷ್ಟು ಸ್ಪಷ್ಟವಾಗಿ ಮಾತನಾಡಲಾರದ
ಇಂದುಬಾಯಿ, ಒಂದನೆಯ ಇಯತ್ತೆಯ ಅಕ್ಕೋರು
ಹಲಸಂಗಿ, ಜನವರಿ ೧೯೭೯