ಅಕ್ಕನ ಹಳದಿ

ಮಂಗಳವಾರ, ಮಾರ್ಚ್ ೧೨

ಅಕ್ಕನಿಗೆ ಸುಳ್ಳು ಹೇಳಿದೆ. ಅದೇ ಕೊರೆಯುತ್ತಿದೆ.

ನನ್ನ ಚಿತ್ರಗಳ ಪ್ರದರ್ಶನಕ್ಕೆ ಗೆಳತಿಯನ್ನೂ ಕರೆತಂದಿದ್ದಳು. ನೆಟ್ಟಗೆ ಹೋಗಿ, ಬರೀ ತಿಳಿಹಳದಿ ಬಳಿದಿದ್ದ ಒಂದು ಚಿತ್ರದ ಮುಂದೆ ನಿಂತಳು.

"ನೋಡೇ, ಇದು ನಾನೇ. ಚಳಿಗಾಲ ಪೂರ್ತಿ ಇವನ ಮುಂದೆ ಗೊಂಬೆ ಥರ ಕೂತಿದ್ದೆ."

"ಮೂಗೆಲ್ಲಿ ಹೋಯ್ತೇ?"

"ಮೂಗು ಯಾರಿಗೆ ಬೇಕು? ನನ್ನ ಶಾಲಿನ ಬಣ್ಣ ನೋಡು. ಅಲ್ವೇನೋ?"

"ಹೌದಕ್ಕ" ಎಂದೆ.

ಅದು ಅವಳಲ್ಲ. ಎರಡು ನೀಲಿ ಚಿತ್ರಗಳ ನಡುವೆ ಸ್ವಲ್ಪ ಬೆಳಕು ಬೇಕಿತ್ತು, ಅದಕ್ಕೆ ಬಳಿದ ಹಳದಿ. ಅವಳನ್ನು ಬರೆದ ಕ್ಯಾನ್ವಾಸನ್ನು ಕಳೆದ ವಾರ ಕೆರೆದು, ಮೇಲೆ ಬೂದು ಬಣ್ಣ ಹಚ್ಚಿದ್ದೆ. ಮುಖವಿದ್ದಲ್ಲಿ ಬಣ್ಣ ಬರೀ ಬಣ್ಣವಾಗಿ ನಿಲ್ಲುವುದಿಲ್ಲ, ಅದಕ್ಕೇ ಅಳಿಸಿದ್ದು. ಕಣ್ಣುಗಳು ನನ್ನನ್ನೇ ನೋಡುತ್ತಿದ್ದವು. ಚಿತ್ರದ ಮಟ್ಟಿಗೆ ಮಾಡಿದ್ದು ಸರಿ. ಆದರೆ ಬೆನ್ನುನೋವಿನಲ್ಲೂ ಅವಳು ಕದಲದೆ ಕೂತಿದ್ದಳು. ಅದು ಚಿತ್ರಕ್ಕೆ ಗೊತ್ತಿಲ್ಲ, ನನಗೆ ಗೊತ್ತು.

ಆ ಬೂದು ಚಿತ್ರ ಎದುರು ಗೋಡೆಯಲ್ಲೇ ಇತ್ತು. ಅಕ್ಕ ಅದಕ್ಕೆ ಬೆನ್ನು ಹಾಕಿಯೇ ಇದ್ದಳು. ಹೊರಡುವಾಗ ಹಳದಿಯ ಪಕ್ಕ ನಿಂತು ಫೋಟೊ ತೆಗೆಸಿಕೊಂಡಳು.

ಈಗ ಆ ಫೋಟೊ ಕಳಿಸಿದ್ದಾಳೆ. ಚಳಿಗಾಲದಲ್ಲಿ ನನ್ನ ಮುಂದೆ ಕೂರುವಾಗ ಹೊದ್ದಿದ್ದ ಅದೇ ಹಳದಿ ಶಾಲನ್ನು ಬೇಕೆಂದೇ ಹೊದ್ದು ಬಂದಿದ್ದಳು. ಶಾಲು ಎಲ್ಲಿ ಮುಗಿದು ಚಿತ್ರ ಎಲ್ಲಿ ಶುರುವಾಗುತ್ತದೋ ತಿಳಿಯುತ್ತಿಲ್ಲ. ಮುಖ ಮಾತ್ರ ಬೇರೆಯಾಗಿ ಉಳಿದು, ಮತ್ತೆ ನನ್ನನ್ನೇ ನೋಡುತ್ತಿದೆ.